ಏಣಿಗೂ ಟೆಂಡರ್‌ನಲ್ಲಿ ಒಂದು ಸಾಲು ಬೇಕು

ಬೆಂಗಳೂರಿನಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪಿಗೆ ರಸ್ತೆ ಅಗೆದ ಕಡೆ ನೋಡಿ. ಎಷ್ಟೋ ಕಡೆ ಆಳದ ಗುಂಡಿಗೆ ಅಡ್ಡಲಾಗಿ ಒಂದೇ ಹಲಗೆ ಇರುತ್ತದೆ. ಕೆಲಸದವರು ಹೊರೆ ಹೊತ್ತು ಅದರ ಮೇಲೇ ದಾಟಬೇಕು. ಇಳಿಯಲು ಏಣಿ ಇಲ್ಲ. ತೆಗೆದ ಮಣ್ಣೆಲ್ಲ ಅಂಚಿನಲ್ಲೇ ರಾಶಿ. ಆ ಭಾರಕ್ಕೆ ಅಂಚು ಕುಸಿದರೆ ಮೇಲೆ ನಿಂತವನೂ ಒಳಗೆ ಬೀಳುತ್ತಾನೆ, ಕೆಳಗಿದ್ದವನೂ ಹೂತುಹೋಗುತ್ತಾನೆ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಮಟ್ಟ ಹೂತರೂ ಉಸಿರಾಡುವುದು ಕಷ್ಟ.

ನಮ್ಮಲ್ಲಿ ನಿಯಮವೇ ಇಲ್ಲ ಅಂತ ನಾನಿರುವ ಟೆಕ್ಸಾಸ್‌ನಲ್ಲಿ ಗೆಳೆಯರು ಹೇಳುವುದುಂಟು. ಅದು ಸರಿಯಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮ ಓದಿದರೆ ಗೊತ್ತಾಗುತ್ತದೆ. ಗುಂಡಿ 1.2 ಮೀಟರ್ ಆಳವಾದರೆ ಏಣಿ ಇರಲೇಬೇಕು. 1.5 ಮೀಟರ್ ಆದರೆ ಪಕ್ಕಗಳನ್ನು ಇಳಿಜಾರು ಮಾಡಬೇಕು, ಇಲ್ಲವೇ ಮರದ ಆಸರೆ ಕೊಡಬೇಕು. ಅಗೆದ ಮಣ್ಣು ಅಂಚಿನಿಂದ ಕನಿಷ್ಠ 1.5 ಮೀಟರ್ ದೂರ ಇರಬೇಕು. ಅಮೆರಿಕದಲ್ಲಿ ಈ ದೂರ ಬರೀ 2 ಅಡಿ! ಮಣ್ಣಿನ ವಿಷಯದಲ್ಲಿ ನಮ್ಮ ನಿಯಮವೇ ಬಿಗಿ.

ಹಾಗಾದರೆ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ದುಡ್ಡಿನ ಲೆಕ್ಕದಲ್ಲಿ. ಟೆಕ್ಸಾಸ್‌ನ ಸರ್ಕಾರಿ ಕಾಮಗಾರಿಯಲ್ಲಿ 5 ಅಡಿಗಿಂತ ಆಳದ ಉದ್ದ ಗುಂಡಿ ತೋಡುವುದಿದ್ದರೆ ಅದರ ಸುರಕ್ಷತೆಗೆ ಟೆಂಡರ್‌ನಲ್ಲೇ ಬೇರೆ ಬಾಬ್ತು ಇರಬೇಕು. ಗುಂಡಿಯ ಉದ್ದಕ್ಕೆ ತಕ್ಕಂತೆ ದುಡ್ಡು. ಇದು ಅಲ್ಲಿನ ಕಾನೂನು. ನಮ್ಮ ಕೇಂದ್ರ ಇಲಾಖೆಯ ಕರಾರಿನಲ್ಲಿ ಸುರಕ್ಷತೆ ಕಂಟ್ರಾಕ್ಟರನ ಸ್ವಂತ ಖರ್ಚು. ಕಡಿಮೆ ದರ ಹಾಕಿದವನಿಗೆ ಕೆಲಸ ಸಿಗುವಾಗ ಮೊದಲು ಏನು ಬಿಟ್ಟುಹೋಗುತ್ತದೆ? ಏಣಿ, ಆಸರೆ, ಬೇಲಿ. ಅಲ್ವಾ?

ಇನ್ನೊಂದು ವಿಷಯ. ಅಮೆರಿಕದಲ್ಲಿ ಗುಂಡಿಯನ್ನು ದಿನವೂ, ಮಳೆ ಬಂದ ಮೇಲೂ, ಈ ಕೆಲಸ ತಿಳಿದ ಒಬ್ಬರು ಪರೀಕ್ಷಿಸಬೇಕು. ಅಪಾಯ ಕಂಡರೆ ಎಲ್ಲರನ್ನೂ ಮೇಲೆ ಕರೆಸುವ ಅಧಿಕಾರ ಅವರಿಗಿದೆ. ಇಷ್ಟಿದ್ದರೂ 2022ರಲ್ಲಿ ಅಮೆರಿಕದಲ್ಲಿ ಇಂಥ ಕೆಲಸದಲ್ಲಿ 39 ಜನ ಸತ್ತರು. ಆಮೇಲೆ ತಪಾಸಣೆ ಬಿಗಿಯಾಯಿತು. 2023ರಲ್ಲಿ ಸಾವು 15ಕ್ಕೆ ಇಳಿಯಿತು. ಅಂದರೆ ಕಾನೂನು ಇದ್ದರೆ ಸಾಲದು, ಬಂದು ನೋಡುವವರೂ ಬೇಕು.

ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು ಮೇಸ್ತ್ರಿಯನ್ನು ಏಣಿ ಕೇಳುವುದು ಸುಲಭವಲ್ಲ. ಕೇಳಿದರೆ ನಾಳೆ ಕೂಲಿ ಇಲ್ಲ ಅನ್ನುವ ಭಯ. ಆ ಮಾತನ್ನು ಟೆಂಡರೇ ಆಡಲಿ. ನಮ್ಮ ಜಲಮಂಡಳಿ, ಪಾಲಿಕೆಗಳು ಏಣಿ, ಆಸರೆ, ಕಟಕಟೆ ಇರುವ ಹಲಗೆಗೆ ಮೀಟರ್ ಲೆಕ್ಕದಲ್ಲಿ ದರ ನಿಗದಿ ಮಾಡಲಿ. ಅವು ಸ್ಥಳದಲ್ಲಿ ಇಲ್ಲದಿದ್ದರೆ ಎಂಜಿನಿಯರ್ ಆ ಬಿಲ್ಲಿಗೆ ಸಹಿ ಹಾಕಬಾರದು.