ಎಲ್ಲಾ ಜೀರಿಗೆ ನೀರಿನ ಮಹಿಮೆ

ನಮ್ಮ ಷಡ್ಡಕರು ಎಂಟು ತಿಂಗಳಲ್ಲಿ ಹದಿನಾಲ್ಕು ಕೆಜಿ ಇಳಿದರು. ಗುಟ್ಟೇನು ಭಾವ ಅಂತ ಕೇಳಿದೆ. "ಬೆಳಿಗ್ಗೆ ಎದ್ದು ಒಂದು ಲೋಟ ಜೀರಿಗೆ ನೀರು, ಅಷ್ಟೇ ಕಣಯ್ಯ" ಅಂದರು. ಮೊಸರು ತರಲು ಅವರ ಫ್ರಿಜ್ ತೆಗೆದರೆ, ಕೊತ್ತಂಬರಿ ಕಟ್ಟಿನ ಹಿಂದೆ ಪುಟ್ಟ ರಟ್ಟಿನ ಡಬ್ಬಿ. ಮೇಲೆ ಮೌಂಜಾರೊ ಅಂತ ಬರೆದಿತ್ತು. ಜೀರಿಗೆಯ ಹೊಸ ತಳಿ ಇರಬೇಕು ಅಂದುಕೊಂಡು ಸುಮ್ಮನೆ ಬಾಗಿಲು ಹಾಕಿದೆ.

ಪಾಪ, ತೂಕ ಇಳಿಸುವ ಆ ಮೌಂಜಾರೊ ಇಂಜೆಕ್ಷನ್‌ಗೆ ಎಂಥಾ ಅನ್ಯಾಯ! 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗಿನಿಂದ ದುಡಿಯುತ್ತಿದೆ, ಹೆಸರು ಮಾತ್ರ ಜೀರಿಗೆಗೆ. ಅದರೊಳಗಿರುವುದು ಟಿರ್ಜೆಪಟೈಡ್ ಅನ್ನೋ ಔಷಧ. ಉಂಡಾಗ ನಮ್ಮ ಕರುಳೇ ಜಿಎಲ್‌ಪಿ-1, ಜಿಐಪಿ ಅನ್ನೋ ಹಾರ್ಮೋನುಗಳನ್ನು ಬಿಡುತ್ತದೆ. ಸಕ್ಕರೆ ಬರ್ತಿದೆ, ಇನ್ಸುಲಿನ್ ಕಳಿಸು ಅಂತ ಮೇದೋಜೀರಕ ಗ್ರಂಥಿಗೆ ಹೇಳುವುದು ಇವೇ. ಜಿಎಲ್‌ಪಿ-1 ಹೊಟ್ಟೆಗೆ "ನಿಧಾನ" ಅನ್ನುತ್ತದೆ, ಮಿದುಳಿಗೆ "ಸಾಕು" ಅನ್ನುತ್ತದೆ. ಆದರೆ ಅದರ ಆಯಸ್ಸು ಒಂದೆರಡು ನಿಮಿಷ. ಎರಡನೇ ಹೋಳಿಗೆ ಬಡಿಸುವ ಹೊತ್ತಿಗೆ ಮೊದಲು ಬಂದದ್ದರ ಕಥೆ ಮುಗಿದಿರುತ್ತದೆ! ಟಿರ್ಜೆಪಟೈಡ್ ಈ ಎರಡೂ ಹಾರ್ಮೋನುಗಳ ಬೀಗಕ್ಕೆ ಕೂರುವ ಒಂದೇ ಕೀಲಿ. ಮೈಯಲ್ಲಿ ಅರ್ಧ ಕರಗಲು ಸುಮಾರು ಐದು ದಿನ ಬೇಕು, ಅದಕ್ಕೇ ವಾರಕ್ಕೊಂದು ಚುಚ್ಚಿಕೊಂಡರೆ ಸಾಕು.

2022ರಲ್ಲಿ ಪ್ರಕಟವಾದ ಇದರ ಪರೀಕ್ಷೆಯಲ್ಲಿ, ದೊಡ್ಡ ಡೋಸ್ ತಗೊಂಡವರ ತೂಕ 72 ವಾರದಲ್ಲಿ ಸರಾಸರಿ ಶೇ. 20ಕ್ಕಿಂತ ಜಾಸ್ತಿ ಇಳಿಯಿತು. ಜೀರಿಗೆಗೆ ಇಷ್ಟು ತಾಕತ್ತಿದ್ದರೆ ಸಾರು ಉಣ್ಣುವ ನಾವೆಲ್ಲ ಗಾಳಿಗೆ ಹಾರಿಹೋಗಬೇಕಿತ್ತು, ಅಲ್ವಾ?

ಈಗ ಮದುವೆ ಪ್ಯಾಕೇಜೂ ಬಂದಿದೆ. ಮುಹೂರ್ತಕ್ಕೆ ಇಂತಿಷ್ಟು ತಿಂಗಳು ಮೊದಲು ಶುರು, ತಾಳಿ ಕಟ್ಟಿದ ಮೇಲೆ ಬಂದ್. ಇಂಜೆಕ್ಷನ್ ನಿಲ್ಲಿಸಿದವರಿಗೆ ತೂಕ ಮರಳಿ ಬಂದದ್ದನ್ನು ಪರೀಕ್ಷೆಗಳೇ ತೋರಿಸಿವೆ. ಆದರೆ ಅಷ್ಟರಲ್ಲಿ ಆಲ್ಬಂ ಕೈಗೆ ಬಂದಿರುತ್ತದಲ್ಲ! ಶುಗರ್ ಇದ್ದವರು, ಮಂಡಿ ಸವೆದವರು ಡಾಕ್ಟರ್ ಹೇಳಿದಂತೆ ತಗೊಂಡರೆ ಯಾಕೆ ನಾಚಿಕೆ ಅಂತ ನನಗಂತೂ ಅರ್ಥವಾಗಿಲ್ಲ. ಬಿಪಿ ಮಾತ್ರೆಯನ್ನು ಯಾರೂ ಕೊತ್ತಂಬರಿ ಹಿಂದೆ ಬಚ್ಚಿಡುವುದಿಲ್ಲ.

ಮೊನ್ನೆ ಛತ್ರದಲ್ಲಿ ಭಾವನ ಪಕ್ಕದಲ್ಲೇ ಕೂತಿದ್ದೆ. ಎಲೆ ತುಂಬಾ ಬಡಿಸಿದ್ದರು. ಅವರು ಕೋಸಂಬರಿ ಕೆದಕಿ, ಅರ್ಧ ಹೋಳಿಗೆ ತಿಂದು, ಎಲೆ ಮಡಚಿದರು. ಬಡಿಸುವವನ ಮುಖ ಸಣ್ಣದಾಯಿತು. "ಅಡುಗೆ ಚೆನ್ನಾಗಿಲ್ವಾ ಸಾರ್?"

"ಛೇ ಛೇ, ಬೆಳಿಗ್ಗೆ ಜೀರಿಗೆ ನೀರು ಕುಡೀತೀನಿ, ಅದಕ್ಕೇ."

ಎದುರು ಸಾಲಿನಲ್ಲಿದ್ದ ಹಿರಿಯರೊಬ್ಬರ ಕಿವಿ ನೆಟ್ಟಗಾಯಿತು. "ದಿನಕ್ಕೆ ಎಷ್ಟು ಸಲ ಕುಡೀಬೇಕು ಸ್ವಾಮಿ?"

"ದಿನಾ ಬೇಡ, ವಾರಕ್ಕೆ ಒಂದೇ ಸಲ" ಅಂದುಬಿಟ್ಟರು ಭಾವ.