ಸಿಕಲ್ ಸೆಲ್ ಇರುವ ಮಕ್ಕಳ ನಿದ್ದೆಯನ್ನೂ ಸ್ವಲ್ಪ ವಿಚಾರಿಸಿ

ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಗು ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ. ಇದನ್ನು ಎಲ್ಲರಿಗಿಂತ ಮೊದಲು ಆಶ್ರಮ ಶಾಲೆ, ಹಾಸ್ಟೆಲ್‌ಗಳ ವಾರ್ಡನ್‌ಗಳಿಗೆ ಹೇಳಬೇಕು. ನಮ್ಮಲ್ಲಿ ಸೋಲಿಗರು, ಜೇನುಕುರುಬರಂಥ ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಆ ಮಕ್ಕಳಲ್ಲಿ ಬಹಳ ಜನ ಓದುವುದು, ಮಲಗುವುದು ಅಲ್ಲೇ ಅಲ್ವಾ?

ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಕಾಯಿಲೆ ಇದು. ಆಮ್ಲಜನಕ ಕಡಿಮೆಯಾದ ಕಡೆ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಿಡ್ನಿಯ ಒಳಭಾಗದಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಅಲ್ಲಿಗೆ ಪೆಟ್ಟು ಬೀಳುತ್ತದೆ. ಮೂತ್ರದಿಂದ ನೀರು ಉಳಿಸಿಕೊಳ್ಳಲು ಕಿಡ್ನಿಗೆ ಆಗುವುದಿಲ್ಲ. ರಾತ್ರಿ ಪದೇ ಪದೇ ಏಳಬೇಕು, ಇಲ್ಲವೇ ಹಾಸಿಗೆ ಒದ್ದೆ. ಆಗ ದೊಡ್ಡವರು ಕೊಡುವ ಬುದ್ಧಿ ಏನು? 'ಸಂಜೆ ಮೇಲೆ ನೀರು ಕುಡಿಬೇಡ.' ಈ ಮಕ್ಕಳಿಗೆ ಇದು ಅಪಾಯದ ಮಾತು. ನೀರು ಕಡಿಮೆಯಾದರೆ ಕಣಗಳು ಇನ್ನೂ ಬಾಗುತ್ತವೆ, ಮೈಕೈ ಮೂಳೆಗಳೆಲ್ಲ ನೋಯುತ್ತವೆ. ನೀರು ಕುಡಿಸಿ, ರಾತ್ರಿ ಒಂದು ಸಲ ಎಬ್ಬಿಸಿ, ಶೌಚಾಲಯದ ದಾರಿಯಲ್ಲಿ ಲೈಟ್ ಹಾಕಿಡಿ. ದೊಡ್ಡ ಖರ್ಚೇನೂ ಇಲ್ಲ.

ಇನ್ನೊಂದು ಗೊರಕೆ. ನಾವು ಸುಮ್ನೆ ನಕ್ಕು ಬಿಡುತ್ತೇವೆ. ಈ ಮಕ್ಕಳಲ್ಲಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಊದಿಕೊಂಡು ನಿದ್ದೆಯಲ್ಲಿ ಉಸಿರು ಕಟ್ಟುವುದು ಜಾಸ್ತಿ. ಉಸಿರು ಕಟ್ಟಿದರೆ ಆಮ್ಲಜನಕ ಇಳಿಯುತ್ತದೆ, ಮತ್ತೆ ಅದೇ ಕಥೆ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚುತ್ತದೆ. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿದರೆ 'ರಕ್ತ ಕಡಿಮೆ ಅಲ್ವಾ, ಅದಕ್ಕೇ ಸುಸ್ತು' ಅನ್ನುತ್ತಾರೆ. ಅದೂ ನಿಜವೇ. 120 ದಿನ ಬಾಳಬೇಕಾದ ಕಣ ಇವರಲ್ಲಿ 10-20 ದಿನಕ್ಕೇ ಸಾಯುತ್ತದೆ. ಆದರೆ ಸುಸ್ತಿಗೆಲ್ಲ ಅದೊಂದೇ ಕಾರಣ ಅಂದುಕೊಂಡರೆ ರಾತ್ರಿ ಏನಾಯಿತು ಅಂತ ಯಾರೂ ಕೇಳುವುದೇ ಇಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಮಿಷನ್ ಶುರು ಮಾಡಿತು. ರಕ್ತ ಪರೀಕ್ಷೆ ಮಾಡುತ್ತಾರೆ, ಕಾರ್ಡ್ ಕೊಡುತ್ತಾರೆ. ಒಳ್ಳೆಯದೇ. ಆದರೆ ಕಾರ್ಡ್ ಇರುವ ಮಗು ಆಸ್ಪತ್ರೆಗೆ ಬಂದಾಗ ಗೊರಕೆ ಹೊಡೆಯುತ್ತದೆಯಾ, ರಾತ್ರಿ ಎಷ್ಟು ಸಲ ಏಳುತ್ತೆ ಅಂತಲೂ ವೈದ್ಯರು ಕೇಳಬೇಕು. ಕೇಳದಿದ್ದರೆ ಪೋಷಕರೇ ಹೇಳಿ. ಹಗಲಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ 'ಸರಿಯಾಗಿದೆ' ಅಂದರೆ ಸಾಲದು, ನಿದ್ದೆಯಲ್ಲಿ ಆಮ್ಲಜನಕ ಇಳಿಯಬಹುದು. ಟಾನ್ಸಿಲ್ ಆಪರೇಷನ್ ಬೇಕು ಅಂದರೆ ಸಿಕಲ್ ಸೆಲ್ ಇದೆ ಅಂತ ಮೊದಲೇ ತಿಳಿಸಿ. ಅರಿವಳಿಕೆ ಕೊಡುವ ಮುಂಚೆ ವಿಶೇಷ ತಯಾರಿ ಬೇಕು, ಕೆಲವರಿಗೆ ರಕ್ತವನ್ನೂ ಕೊಡಬೇಕಾಗುತ್ತದೆ.