ಉಪಾಯ ಎಲ್ಲರ ಹತ್ತಿರವೂ ಇದೆ

ದಾಳಿಂಬೆ ಬಿಡಿಸುವುದು ಹೇಗೆ ಎಂದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಬಿಡಿಸುವವರು ಮಾತ್ರ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಆ ಕೆಲಸ ನನ್ನ ತಲೆಗೆ ಬಂದಿದೆ. ಹೇಗೆ ಬಂತೋ ನೆನಪಿಲ್ಲ. ಗ್ಯಾಸ್ ಬುಕ್ ಮಾಡುವುದು, ಬಲ್ಬ್ ಬದಲಿಸುವುದು, ಅಟ್ಟದಿಂದ ದೊಡ್ಡ ಪಾತ್ರೆ ಇಳಿಸುವುದು, ಇವುಗಳ ಜೊತೆಗೆ ಸದ್ದಿಲ್ಲದೆ ಸೇರಿಕೊಂಡುಬಿಟ್ಟಿದೆ. ಇದನ್ನು ಬರೆಯುವಾಗಲೂ ನನ್ನ ಎಡಗೈ ತೋರುಬೆರಳಿನ ಉಗುರು ಕಪ್ಪಗಿದೆ. ಸೋಪು ಹಾಕಿ ತಿಕ್ಕಿದ್ದಾಯಿತು, ನಿಂಬೆ ಸಿಪ್ಪೆ ಉಜ್ಜಿದ್ದಾಯಿತು. ಆಫೀಸಿನಲ್ಲಿ ಎದುರು ಸೀಟಿನವರು, "ಏನ್ ಸಾರ್, ಯಾವ ಎಲೆಕ್ಷನ್ನು? ನಮಗೆ ಗೊತ್ತೇ ಆಗ್ಲಿಲ್ಲ" ಅಂದರು.

ನನ್ನ ಮೊದಲ ಸಿಟ್ಟು ತಳ್ಳುಗಾಡಿಯವರ ಮೇಲೆ. ಅವರು ಒಂದು ಹಣ್ಣನ್ನು ಬಿಡಿಸಿ ರಾಶಿಯ ಮೇಲೆ ಕೂರಿಸಿರುತ್ತಾರೆ, ನೋಡಿದ್ದೀರಲ್ಲ. ಹೋಳುಗಳೆಲ್ಲ ಅರಳಿಕೊಂಡಿರುತ್ತವೆ. ಒಂದು ಕಾಳು ಉದುರಿರುವುದಿಲ್ಲ, ಒಂದು ಹನಿ ಸೋರಿರುವುದಿಲ್ಲ. ಹೇಗೆ ಅಂತ ಕೇಳಿದರೆ, "ಏನಿಲ್ಲ ಸಾರ್, ತಲೆ ತೆಗ್ದು ನಾಲ್ಕು ಗೀರು ಹಾಕೋದು, ಅಷ್ಟೇ." ಕಿಲೋಗೆ 200 ರೂಪಾಯಿ ಕೊಟ್ಟು ತಂದರೆ ಅರ್ಧದ ಹತ್ತಿರ ಸಿಪ್ಪೆಗೇ ಹೋಗುತ್ತದೆ. ಉಳಿದದ್ದರಲ್ಲಿ ಗೋಡೆಗೆಷ್ಟು, ನೆಲಕ್ಕೆಷ್ಟು, ಬಟ್ಟಲಿಗೆಷ್ಟು ಅನ್ನುವುದು ಅವರವರ ಹಣೆಬರಹ.

ತರದೇ ಇರೋಣ ಅಂದರೆ ಅದೂ ಆಗುವುದಿಲ್ಲ. ದಾಳಿಂಬೆ ತಿಂದರೆ ರಕ್ತ ಜಾಸ್ತಿಯಾಗುತ್ತದೆ ಎಂದು ಯಾರೋ ಎಂದೋ ಹೇಳಿಹೋಗಿದ್ದಾರೆ. ಜ್ವರ ಬಂದರೆ ದಾಳಿಂಬೆ. ಬಾಣಂತಿ ನೋಡಲು ಹೋದರೆ ದಾಳಿಂಬೆ. ಸುಮ್ನೆ ಸುಸ್ತು ಅಂದರೂ ಒಂದು ಕಿಲೋ ದಾಳಿಂಬೆ ಹಾಜರ್. ನಿಜ ಹೇಳಬೇಕೆಂದರೆ ಅದರಲ್ಲಿ ಕಬ್ಬಿಣದ ಅಂಶ ಅಷ್ಟೇನೂ ಇಲ್ಲ. ಕೆಂಪಗಿರುವುದು ಆಂಥೋಸಯನಿನ್ ಎಂಬ ಬಣ್ಣದಿಂದ. ನೇರಳೆ ಹಣ್ಣಿನಲ್ಲಿ ಇರುವುದೂ ಅದೇ. ಇದನ್ನು ಮನೆಯಲ್ಲಿ ಹೇಳಿ ನೋಡಿದೆ. "ಬಿಡ್ಸೋಕೆ ಸೋಮಾರಿತನ, ಅದಕ್ಕೆ ಈ ವಿಜ್ಞಾನ" ಅಂದಳು ಹೆಂಡತಿ. ಅಲ್ಲಿಗೆ ವಿಜ್ಞಾನ ಮುಗಿಯಿತು.

ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ, 2005ರಿಂದ. ನಮ್ಮ ಹೆಸರಘಟ್ಟದಲ್ಲೇ ರೂಬಿ ಎಂಬ ತಳಿ ತಯಾರಾಗಿದೆ. ಕೊಪ್ಪಳ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ರೈತರು ದುಂಡಾಣು ಅಂಗಮಾರಿ ರೋಗದ ಜೊತೆ ಗುದ್ದಾಡಿಕೊಂಡು ಇದನ್ನು ಬೆಳೆಯುತ್ತಾರೆ. ಅವರ ಪಾಡಿನ ಮುಂದೆ ನನ್ನದು ಕಷ್ಟವೇ ಅಲ್ಲ, ನಿಜ. ಆದರೂ ನೋಡಿ, ಬೀಜ ಮೆತ್ತಗಾಯಿತು, ಬಣ್ಣ ಗಾಢವಾಯಿತು, ಜಿಪ್ ಇರುವ ಸಿಪ್ಪೆ ಮಾತ್ರ ಇನ್ನೂ ಬಂದಿಲ್ಲ.

ನನಗೆ ನನ್ನದೇ ಒಂದು ಕ್ರಮ ಇದೆ. ಕಿರೀಟದ ಸುತ್ತ ಚಾಕುವಿನಿಂದ ಮೇಲ್ಮೇಲೆ ಗೀರಿ ಮುಚ್ಚಳ ತೆಗೆಯುತ್ತೇನೆ. ಒಳಗೆ ಬಿಳಿ ಪದರದ ಗೋಡೆಗಳು ಕಾಣುತ್ತವೆ. ಆ ಗೋಡೆಗಳು ಇರುವ ಕಡೆಯೇ ಸಿಪ್ಪೆಯ ಮೇಲೆ ಉದ್ದಕ್ಕೆ ಗೀರಬೇಕು. ಚಾಕು ಸಿಪ್ಪೆ ದಾಟಿ ಒಳಗೆ ಹೋಗಬಾರದು. ಕಾಳಿಗೆ ತಾಗಿತೋ, ಕೆಟ್ಟಿತು. ಆಮೇಲೆ ನಿಧಾನಕ್ಕೆ ಅಗಲಿಸಿದರೆ ಹೋಳು ಹೋಳಾಗಿ ಬಿಟ್ಟುಕೊಳ್ಳುತ್ತದೆ. ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ ಬಿಡಿಸುವ ಪಂಗಡದವರೂ ಇದ್ದಾರೆ. ಕಾಳು ತಳಕ್ಕೆ, ಬಿಳಿ ಪದರ ಮೇಲಕ್ಕೆ. ಚೆನ್ನಾಗಿಯೇ ಇದೆ. ಆದರೆ ಆ ಕಾಳನ್ನು ಹಾಗೇ ಹಾಕಿದರೆ ಮೊಸರನ್ನ ಹೋಗಿ ಮಜ್ಜಿಗೆಯನ್ನ ಆಗುತ್ತದೆ. ಬಟ್ಟೆಯ ಮೇಲೆ ಹರಡಿ ಒರೆಸಿದರೆ ಆ ಬಟ್ಟೆ ಮತ್ತೆ ಯಾವುದಕ್ಕೂ ಬರುವುದಿಲ್ಲ. ಹಾಗಾಗಿ ನಾನು ಒಣ ಪಂಗಡ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಹೋಗುವವರು ಬರುವವರು ಬಟ್ಟಲಿಗೆ ಕೈ ಹಾಕಿ ಒಂದೊಂದು ಹಿಡಿ ಎತ್ತುತ್ತಾರೆ, ಅದನ್ನೂ ಸಹಿಸುತ್ತೇನೆ. ಪಕ್ಕದಲ್ಲಿ ಯಾರೂ ಬಂದು ನಿಲ್ಲಬಾರದು, ಅದೊಂದೇ ನನ್ನ ಷರತ್ತು.

ಕಳೆದ ಭಾನುವಾರ ಭಾವ ಬಂದು ನಿಂತರು.

ಭಾವ ಅಂದರೆ ನಮ್ಮಕ್ಕನ ಗಂಡ. ಇಂಜಿನಿಯರ್ ಆಗಿದ್ದವರು, ಈಗ ರಿಟೈರ್ಡ್. ಅವರಿಗೊಂದು ಅಭ್ಯಾಸ. ಯಾರು ಏನು ಮಾಡುತ್ತಿದ್ದರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೂಗಿನಿಂದ ಒಂದು "ಹ್ಞೂಂ..." ಬರುತ್ತದೆ. ಆ ಹ್ಞೂಂ ಬಂತೆಂದರೆ ನಾವು ಮಾಡುತ್ತಿರುವುದು ತಪ್ಪು ಎಂದೇ ಅರ್ಥ. ನಾನು ಕಾರು ರಿವರ್ಸ್ ತೆಗೆಯುವಾಗ ಬಂದಿದೆ, ಗೋಡೆಗೆ ಮೊಳೆ ಹೊಡೆಯುವಾಗ ಬಂದಿದೆ. ನನ್ನ ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಬಂದಿತ್ತು. ಎರಡನೇ ಗಂಟು ಸಡಿಲ ಆಯಿತಂತೆ.

"ಹ್ಞೂಂ... ಏನಪ್ಪಾ, ಒಂದೊಂದೇ ಕಾಳು ಕೀಳ್ತಾ ಕೂತ್ರೆ ಊಟ ಯಾವಾಗ?" ಅಂದರು.

"ಆಗೋಯ್ತು ಭಾವ, ಇನ್ನೊಂದು ಹಣ್ಣು ಅಷ್ಟೇ."

"ಗುರುತ್ವಾಕರ್ಷಣೆ ಅಂತ ಒಂದಿದೆ ಕಣಯ್ಯ. ಅದನ್ನ ಉಪಯೋಗಿಸ್ಕೋಬೇಕು. ಕೊಡಿಲ್ಲಿ. ಒಂದು ಸೌಟು ತಾ."

ಹಣ್ಣನ್ನು ಅಡ್ಡಕ್ಕೆ ಕೊಯ್ದು ಎರಡು ಹೋಳು ಮಾಡಿದರು. ಒಂದನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು, ನಾನು ಬಿಡಿಸಿಟ್ಟಿದ್ದ ಬಟ್ಟಲಿನ ನೇರಕ್ಕೆ ಹಿಡಿದರು. ದೇವಸ್ಥಾನದಿಂದ ನೇರವಾಗಿ ಬಂದಿದ್ದರು. ಬಿಳಿ ಪಂಚೆ, ಬಿಳಿ ಷರ್ಟು. ಹೆಂಡತಿ ಹಳೇ ಟವೆಲ್ ತಂದು, ಹೊದ್ದುಕೊಳ್ಳಿ ಅಂದಳು. "ಬೇಡಮ್ಮಾ, ಸರಿಯಾಗಿ ಮಾಡಿದ್ರೆ ಒಂದು ಹನೀನೂ ಆಚೆ ಬರಲ್ಲ."

ಸೌಟಿನ ಬೆನ್ನಿನಿಂದ ಒಂದು ಏಟು ಹಾಕಿದರು. ಏನೂ ಆಗಲಿಲ್ಲ. ಇನ್ನೊಂದು ಏಟಿಗೆ ಒಂದು ಕಾಳು ಬಿತ್ತು. "ನೋಡಿದ್ಯಾ?" ಅಂದರು. ಆ ಒಂದು ಕಾಳನ್ನು ನಾವೆಲ್ಲರೂ ನೋಡಿದೆವು. ಸೌಟು ಹಗುರ ಆಯಿತು ಎಂದು ತೀರ್ಮಾನವಾಯಿತು. ಲಟ್ಟಣಿಗೆ ಬಂತು. ಅಕ್ಕ ಹಾಲ್‌ನಿಂದಲೇ, "ಏನೂಂದ್ರೆ, ಅವನ ಪಾಡಿಗೆ ಅವನು ಮಾಡ್ಲಿ ಬಿಡಿ" ಅಂದಳು. ಆಕೆಗೆ ಅನುಭವ ಇದೆ. ಭಾವನಿಗೆ ಕೇಳಿಸಲಿಲ್ಲ. ಲಟ್ಟಣಿಗೆ ಎತ್ತಿ ಒಂದೇ ಏಟು. ಹೋಳು ಕೈಜಾರಿ ಧೊಪ್ಪನೆ ಬಟ್ಟಲಿಗೆ ಬಿತ್ತು, ಬಟ್ಟಲು ಮಗುಚಿತು, ನಾನು ಬೆಳಗಿನಿಂದ ಕೂತು ಬಿಡಿಸಿದ ಕಾಳೆಲ್ಲ ಮೇಲಕ್ಕೆದ್ದಿತು. ಗುರುತ್ವಾಕರ್ಷಣೆ ಕೆಲಸ ಶುರು ಮಾಡಿದ್ದು ಆಮೇಲೆ. ಮಿಕ್ಸಿಯ ಹಿಂದೆ, ಕಾಫಿ ಫಿಲ್ಟರಿನ ಒಳಗೆ, ಕ್ಯಾಲೆಂಡರಿನ ಏಕಾದಶಿಯ ಮೇಲೆ, ಎಲ್ಲೆಲ್ಲೂ ಕಾಳು. ಒಗ್ಗರಣೆಗೆ ಕಾದಿದ್ದ ಎಣ್ಣೆಗೂ ಒಂದು ಬಿದ್ದು ಚಟ್ ಅಂತು.

ಇಷ್ಟಾದರೂ ಭಾವನ ಬಿಳಿ ಷರ್ಟಿನ ಮೇಲೆ ಒಂದೇ ಒಂದು ಚುಕ್ಕೆ ಇಲ್ಲ. ಪಂಚೆಯೂ ಸ್ವಚ್ಛ. ಆಚೆ ಫ್ರಿಜ್ ಹತ್ತಿರ ನಿಂತಿದ್ದ ನನ್ನ ಹೊಸ ಷರ್ಟಿಗೆ ಬಲ ಭುಜದಿಂದ ಎಡ ಜೇಬಿನವರೆಗೆ ಅಭಿಷೇಕ. ಇದು ಯಾವ ಇಂಜಿನಿಯರಿಂಗೋ ನನಗೆ ಇವತ್ತಿಗೂ ತಿಳಿದಿಲ್ಲ. ಭಾವ ಲಟ್ಟಣಿಗೆ ಕೆಳಗಿಟ್ಟು, ಹೋಳನ್ನು ಒಮ್ಮೆ ತಿರುಗಿಸಿ ನೋಡಿ, "ಹಣ್ಣು ಸರಿಯಿಲ್ಲ ಕಣಯ್ಯ, ಜಾಸ್ತಿ ಹಣ್ಣಾಗಿದೆ" ಅಂದರು. ಕೈ ತೊಳೆದು ಊಟಕ್ಕೆ ಕೂತರು. ಕೊನೆಗೆ ಮೊಸರನ್ನ ಬಂದಾಗ ಚಮಚದಲ್ಲಿ ಕೆದಕಿ ಕೆದಕಿ ನೋಡಿದರು. "ಎಲ್ಲಾ ಚೆನ್ನಾಗಿದೆ. ದಾಳಿಂಬೆ ಸ್ವಲ್ಪ ಕಡಿಮೆ ಆಯ್ತು, ಅಲ್ವಾ?"

ನಾನು ಉಪ್ಪಿನಕಾಯಿ ಹಾಕಿಕೊಂಡೆ.

ಷರ್ಟಿನ ಕಲೆ ಮೊದಲು ಕೆಂಪಗಿತ್ತು. ಸೋಪು ಹಚ್ಚಿದ್ದೇ ತಡ, ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿತು. ಸೋಪಿನ ಕ್ಷಾರ ತಾಗಿದರೆ ಆ ಕೆಂಪು ಹಾಗೆ ಬದಲಾಗುತ್ತದೆ. ಒಣಗಿದ ಮೇಲೆ ಕಂದು. ಅದು ಟ್ಯಾನಿನ್ ಎಂಬ ಒಗರು ಅಂಶದ ಕೆಲಸ. ಸಿಪ್ಪೆಯಲ್ಲಂತೂ ಭರ್ತಿ ಇರುತ್ತದೆ. ಚರ್ಮ ಹದ ಮಾಡಲು, ಬಟ್ಟೆಗೆ ಬಣ್ಣ ಕಟ್ಟಲು ಹಿಂದಿನಿಂದಲೂ ದಾಳಿಂಬೆ ಸಿಪ್ಪೆ ಬಳಸುತ್ತಾರೆ. ಹೋಗಬಾರದು ಎಂದೇ ಹಾಕುವ ಬಣ್ಣವನ್ನು ನಾನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತೆಗೆಯಲು ನೋಡುತ್ತಿದ್ದೆ.

ಶಿರಾ ಹತ್ತಿರದ ನಮ್ಮಜ್ಜಿ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ದಾಳಿಂಬೆ ಗಿಡ ಇತ್ತು. ಕಾಳು ತಿಳಿ ಗುಲಾಬಿ, ಬೀಜ ಗಟ್ಟಿ, ಹುಳಿ ಜಾಸ್ತಿ. ಬಹಳ ದಿನ ಒಣಗಿ ಒಮ್ಮೆಲೇ ಜೋರು ಮಳೆ ಹೊಡೆದರೆ ಹಣ್ಣು ಗಿಡದಲ್ಲೇ ಬಿರಿಯುತ್ತಿತ್ತು. ಅಳಿಲು ಬಿಟ್ಟದ್ದು ನಮಗೆ. ಅಜ್ಜಿ ಆ ಬಿರುಕಿಗೆ ಎರಡೂ ಹೆಬ್ಬೆರಳು ಹಾಕಿ ಸೀಳಿ, ಒಂದೊಂದು ಹೋಳು ಕೈಗಿಟ್ಟು, "ಇಲ್ಲೇ ತಿನ್ರೋ, ಒಳಗೆ ಬಂದ್ರೆ ನೋಡಿ" ಅನ್ನುತ್ತಿದ್ದಳು. ಮುಖ ಹುದುಗಿಸಿ ತಿನ್ನುತ್ತಿದ್ದೆವು. ಗಲ್ಲದಿಂದ ರಸ ಇಳಿದು ಚಡ್ಡಿ ತಲುಪುತ್ತಿತ್ತು. ಸಿಪ್ಪೆ ಮಾತ್ರ ಅಜ್ಜಿಗೆ ವಾಪಸ್ ಕೊಡಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು, ನಮಗೆ ಹೊಟ್ಟೆ ಕೆಟ್ಟಾಗ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು. ಅಲ್ಲಿ ಬಟ್ಟಲಿರಲಿಲ್ಲ. ಬಿಡಿಸಿ ಕೊಡುವುದು ಎಂಬ ಕೆಲಸವೇ ಇರಲಿಲ್ಲ. ಯಾರ ಬಾಯೋ ಅವರೇ ಬಿಡಿಸಿಕೊಳ್ಳುತ್ತಿದ್ದರು. ಈಗ ಅಲ್ಲಿ ನೀರಿನ ಸಂಪು ಇದೆ. ಇಲ್ಲಿ ನನ್ನ ಮಗಳು ಬಟ್ಟಲಲ್ಲಿ ಹಾಕಿ ಕೊಟ್ಟರೂ, "ಅಪ್ಪಾ, ಬಿಳೀದು ಉಳಿದಿದೆ" ಅಂತ ರಿಟರ್ನ್ ಮಾಡುತ್ತಾಳೆ.

ಬಿಡಿಸಿದ ಕಾಳೇ ಡಬ್ಬಿಯಲ್ಲಿ ಸಿಗುತ್ತದಲ್ಲ ಅನ್ನಬೇಡಿ. ತಂದಿದ್ದೆ. "ಯಾರು ಬಿಡಿಸಿದ್ದೋ, ಯಾವತ್ತು ಬಿಡಿಸಿದ್ದೋ" ಎಂದು ಅದನ್ನು ಯಾರೂ ಮುಟ್ಟಲಿಲ್ಲ. ನಾನೇ ತಿಂದೆ.

ಷರ್ಟನ್ನು ನಿನ್ನೆ ಬೀದಿ ಕೊನೆಯ ಇಸ್ತ್ರಿ ಗಾಡಿಯವರಿಗೆ ತೋರಿಸಿದೆ. ಕಲೆಯ ವಿಷಯ ಅವರಿಗೆ ಗೊತ್ತಿರುವಷ್ಟು ನಮ್ಮ ಬಡಾವಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೆಳಕಿಗೆ ಹಿಡಿದು ನೋಡಿ, "ಬಾಳೆಕಾಯಿನಾ ಸಾರ್?" ಅಂದರು.

"ಅಲ್ಲ, ದಾಳಿಂಬೆ."

"ಹೋಗಲ್ಲ ಸಾರ್. ಮನೇಲಿ ಹಾಕ್ಕೊಳ್ಳಿ." ಇನ್ನೊಮ್ಮೆ ನೋಡಿದರು. "ಹೊಡೆದ್ರಾ?"

"ಹ್ಞೂಂ. ಲಟ್ಟಣಿಗೇಲಿ. ನಾನಲ್ಲ."

ಅವರು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. ಎರಡೂ ಕೈ ಖಾಲಿ ಮಾಡಿಕೊಂಡು, ಗಾಳಿಯಲ್ಲಿ ಒಂದು ಹಣ್ಣು ಹಿಡಿದರು. "ಅದನ್ನ ಹೊಡೀಬಾರ್ದು ಸಾರ್. ಒಂದು ಸುಲಭದ ಉಪಾಯ ಇದೆ. ಹೇಳ್ತೀನಿ ನೋಡಿ..."